ಬರೆದದ್ದನ್ನು ಓದುವವರು ಯಾರು?

ಕಾಲೇಜಿನಲ್ಲಿ ಬರವಣಿಗೆ ಕಲಿಸುವ ಅಧ್ಯಾಪಕರ ಬಗ್ಗೆ ವಿದ್ಯಾರ್ಥಿಗಳು ಆಡುವ ಮಾತುಗಳು ಸಾಮಾನ್ಯವಾಗಿ ಒಂದಕ್ಕೊಂದು ತಾಳೆಯಾಗುವುದಿಲ್ಲ. 'ಎಷ್ಟು ಬರೆದರೂ ಅವರಿಗೆ ಸಮಾಧಾನವಿಲ್ಲ, ಮತ್ತೆ ಮತ್ತೆ ಬರೆಸುತ್ತಾರೆ' ಎಂದು ಒಬ್ಬರು ದೂರುತ್ತಾರೆ. 'ಹಾಗೆ ಬರೆಸಿದ್ದರಿಂದಲೇ ನನಗೆ ಬರೆಯಲು ಬಂತು' ಎಂದು ಅದೇ ತರಗತಿಯ ಇನ್ನೊಬ್ಬರು ನೆನೆಯುತ್ತಾರೆ. 'ಅಂಕ ಯಾವ ಲೆಕ್ಕದಲ್ಲಿ ಕೊಟ್ಟರೋ ತಿಳಿಯಲಿಲ್ಲ' ಎಂಬುದು ಮೂರನೆಯವರ ಮಾತು. 'ಬರೆದುಕೊಟ್ಟದ್ದು ವಾಪಸ್ಸೇ ಬರಲಿಲ್ಲ' ಎಂಬುದು ನಾಲ್ಕನೆಯವರದು. ಕಾಲೇಜಿನ ಆಡಳಿತ ಇವನ್ನೆಲ್ಲ ಕೂಡಿಸಿ, ಸರಾಸರಿ ತೆಗೆದು, ಐದಕ್ಕೆ ಇಷ್ಟು ಎಂದು ಬರೆದುಕೊಂಡು ಕಡತ ಮುಚ್ಚುತ್ತದೆ. ಆ ಅಂಕಿಯಿಂದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಏನೂ ತಿಳಿಯುವುದಿಲ್ಲ.

ಆದರೆ ಈ ನಾಲ್ಕೂ ಮಾತುಗಳ ಬೇರು ಒಂದೇ. ನಾನು ಬರೆದದ್ದನ್ನು ಯಾರಾದರೂ ನಿಜವಾಗಿ ಓದಿದರೇ ಎಂಬ ಪ್ರಶ್ನೆ ಅದು. ಬರವಣಿಗೆಯ ತರಗತಿಯಲ್ಲಿ ಅಧ್ಯಾಪಕರ ಮುಖ್ಯ ಕೆಲಸ ಓದುವುದು, ಪಾಠ ಹೇಳುವುದು ಆಮೇಲಿನದು ಎಂಬುದು ನನ್ನ ವಾದ. ಆ ಓದಿಗೆ ಸಮಯ ಕೊಡದ ಕಾಲೇಜು ಬರವಣಿಗೆಯ ಕೋರ್ಸನ್ನು ವೇಳಾಪಟ್ಟಿಯಲ್ಲಿ ಇಟ್ಟುಕೊಂಡಿದೆಯಷ್ಟೆ, ನಡೆಸುತ್ತಿಲ್ಲ.

ಇತಿಹಾಸದ ಅಧ್ಯಾಪಕರು ಇನ್ನೂರು ಮಂದಿಯ ಮುಂದೆ ನಿಂತು ಒಳ್ಳೆಯ ಉಪನ್ಯಾಸ ಕೊಡಬಹುದು, ಇನ್ನೂರು ಮಂದಿಗೂ ಅದರಿಂದ ಲಾಭವಾದೀತು. ಬರವಣಿಗೆಯಲ್ಲಿ ಹಾಗಾಗುವುದಿಲ್ಲ. ಒಳ್ಳೆಯ ಪ್ಯಾರಾ ಹೇಗಿರಬೇಕೆಂದು ಒಂದು ಗಂಟೆ ಕೇಳಿದ ವಿದ್ಯಾರ್ಥಿಗೆ ತನ್ನ ಪ್ಯಾರಾ ಎಲ್ಲಿ ಎಡವಿದೆ ಎಂಬುದು ಕಾಣುವುದಿಲ್ಲ. ಬರೆದವರಿಗೆ ತಾವು ಹೇಳಬೇಕೆಂದುಕೊಂಡದ್ದು ಮನಸ್ಸಿನಲ್ಲೇ ಇರುವುದರಿಂದ ಹಾಳೆಯ ಮೇಲೂ ಅದು ಇದೆಯೆಂದೇ ಅನಿಸುತ್ತದೆ. ಹಾಳೆಯ ಮೇಲೆ ನಿಜವಾಗಿ ಏನಿದೆ ಎಂದು ಹೇಳಲು ಇನ್ನೊಬ್ಬರ ಕಣ್ಣು ಬೇಕು.

ಈ ವಿಷಯದಲ್ಲಿ ಅಮೆರಿಕದ ಅನುಭವವನ್ನು ನೋಡುವುದು ಒಳ್ಳೆಯದು. ಬರವಣಿಗೆಯನ್ನೇ ಕಡ್ಡಾಯ ಕೋರ್ಸಾಗಿ ಮಾಡಿಕೊಂಡು ಅದರ ಲಾಭ ನಷ್ಟ ಎರಡನ್ನೂ ದೀರ್ಘಕಾಲ ಕಂಡ ದೇಶ ಅದು. ಹಾರ್ವರ್ಡ್ ಕಾಲೇಜು 1880ರ ದಶಕದಲ್ಲಿ ಮೊದಲ ವರ್ಷದವರಿಗೆ ಬರವಣಿಗೆಯ ಕೋರ್ಸನ್ನು ಕಡ್ಡಾಯ ಮಾಡಿತು. ಅಲ್ಲಿಂದ ಅದು ಆ ದೇಶದ ಕಾಲೇಜುಗಳಿಗೆಲ್ಲ ಹರಡಿತು.

ಹಾರ್ವರ್ಡಿನ ಆ ತರಗತಿಗಳಲ್ಲಿ ಕುಳಿತ ವಿದ್ಯಾರ್ಥಿಗಳಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಒಬ್ಬರು. ಮುಂದೆ ಕಪ್ಪು ಜನರ ಹಕ್ಕಿನ ಹೋರಾಟದ ದೊಡ್ಡ ಚಿಂತಕರಾಗಿ, 1903ರಲ್ಲಿ 'ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್' ಬರೆದವರು. 1888ರಲ್ಲಿ ಹಾರ್ವರ್ಡಿಗೆ ಬಂದಾಗ ಅವರು ಆಗಲೇ ಫಿಸ್ಕ್ ವಿಶ್ವವಿದ್ಯಾಲಯದ ಪದವೀಧರರಾಗಿದ್ದರು, ತಮ್ಮ ಬರವಣಿಗೆಯ ಬಗ್ಗೆ ನಂಬಿಕೆಯುಳ್ಳವರಾಗಿದ್ದರು. ಜನಾಂಗದ ಅವಮಾನವನ್ನು ಎದೆಯುರಿಯಿಂದ ಬರೆದು ಕೊಟ್ಟ ಅವರ ಪ್ರಬಂಧ ಅನುತ್ತೀರ್ಣವಾಗಿ ಹಿಂದಿರುಗಿತು. ಓದಿನಲ್ಲಿ ಅಂಥ ಸೋಲು ಅವರಿಗೆ ಅದೇ ಮೊದಲು. ಈ ಪ್ರಸಂಗದ ಬಗ್ಗೆ ಮುಂದೆ ಬರೆದಾಗ ಅವರು ಅಧ್ಯಾಪಕರನ್ನು ದೂಷಿಸಲಿಲ್ಲ. ಕಪ್ಪು ಜನರ ಸಂಕಟ ಆ ಅಧ್ಯಾಪಕರಿಗೆ ಅರ್ಥವಾಗದಿದ್ದರೂ ತನ್ನ ಇಂಗ್ಲಿಷಿನ ಬಗ್ಗೆ ಅವರು ಕೊಟ್ಟ ತೀರ್ಪು ನ್ಯಾಯವಾದದ್ದೇ ಎಂದು ಎಣಿಸಿದರು. ಬರವಣಿಗೆ ಕಲಿಯಲೆಂದೇ 1890ರಲ್ಲಿ ಬ್ಯಾರೆಟ್ ವೆಂಡೆಲ್ ಅವರ 'ಇಂಗ್ಲಿಷ್ 12' ಎಂಬ ಕೋರ್ಸಿಗೆ ಸೇರಿದರು. ಅಲ್ಲಿ ವಿದ್ಯಾರ್ಥಿಗಳು ದಿನಕ್ಕೊಂದು ಸಣ್ಣ ಬರಹ ಬರೆಯಬೇಕಿತ್ತು. ಹೇಳಬೇಕಾದದ್ದು ತನ್ನಲ್ಲಿದೆ, ಅದನ್ನು ಚೆನ್ನಾಗಿ ಹೇಳುವುದನ್ನು ಕಲಿಯಬೇಕೆಂದಿದ್ದೇನೆ ಎಂಬರ್ಥದ ಒಂದು ಬರಹವನ್ನು ಡುಬಾಯ್ಸ್ ಕೊಟ್ಟಾಗ ವೆಂಡೆಲ್ ಅದನ್ನು ಮೆಚ್ಚಿ ತರಗತಿಯಲ್ಲಿ ಓದಿ ಹೇಳಿದರು. ಎಪ್ಪತ್ತು ವರ್ಷ ಕಳೆದು ಇಳಿವಯಸ್ಸಿನಲ್ಲಿ ಬರೆಯುವಾಗಲೂ ಡುಬಾಯ್ಸ್‌ಗೆ ಆ ಸಂಗತಿ ನೆನಪಿತ್ತು.

ಡುಬಾಯ್ಸ್ ಜಾಣರಾಗಿದ್ದರು, ಹಟವಾದಿಯಾಗಿದ್ದರು, ಸೋಲನ್ನು ಮೆಟ್ಟಿಲು ಮಾಡಿಕೊಂಡರು. ಕಟುವಾದ ಅಂಕವೇ ಒಳ್ಳೆಯ ಪಾಠ ಎಂಬ ತೀರ್ಮಾನಕ್ಕೆ ಇದರಿಂದ ಬರಲಾಗದು. ಅವರಷ್ಟು ಆತ್ಮವಿಶ್ವಾಸವಿಲ್ಲದ ಎಷ್ಟೋ ಮಕ್ಕಳು ಅಂಥ ಒಂದು ಅಂಕ ಕಂಡು ಇನ್ನು ಬರೆಯುವುದು ತಮ್ಮಿಂದಾಗದು ಎಂದು ಸುಮ್ಮನಾಗುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಬೇರೆ. ಮೊದಲ ಅಧ್ಯಾಪಕರು ಭಾಷೆಯನ್ನು ಓದಿದರು, ಬರೆದವನ ಮಾತನ್ನು ಓದಲಿಲ್ಲ. ವೆಂಡೆಲ್ ತರಗತಿಯಲ್ಲಿ ಆ ಮಾತಿಗೂ ಒಬ್ಬ ಓದುಗ ಸಿಕ್ಕ. ಎರಡನ್ನೂ ಓದಿದರೆ ಮಾತ್ರ ತಿದ್ದುವ ಹಕ್ಕು ಬರುತ್ತದೆ.

ಈ ಮಾತನ್ನು ಶಾಸ್ತ್ರೀಯವಾಗಿ ತೋರಿಸಿಕೊಟ್ಟವರು ನ್ಯೂಯಾರ್ಕಿನ ಸಿಟಿ ಕಾಲೇಜಿನ ಅಧ್ಯಾಪಕಿ ಮೀನಾ ಶಾನೆಸ್ಸಿ. 1970ರಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ, ನಗರದಲ್ಲಿ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಪ್ರವೇಶ ಎಂದು ಬಾಗಿಲು ತೆರೆಯಿತು. ಕಪ್ಪು ಜನರ, ವಲಸಿಗರ, ಕಾರ್ಮಿಕರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬಂದರು. ಅವರು ಬರೆದ ಉತ್ತರಗಳನ್ನು ನೋಡಿ ಹಲವು ಅಧ್ಯಾಪಕರು ಇವರಿಗೆ ಕಲಿಸಲು ಸಾಧ್ಯವೇ ಇಲ್ಲ ಎಂದು ಕೈಚೆಲ್ಲಿದರು. ಶಾನೆಸ್ಸಿ ಮಾತ್ರ ಸುಮಾರು 4000 ಪ್ರಬಂಧಗಳನ್ನು ಮುಂದಿಟ್ಟುಕೊಂಡು ಕುಳಿತು ಓದಿದರು. 1977ರಲ್ಲಿ ಬಂದ ಅವರ 'ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್' ಪುಸ್ತಕದ ತಿರುಳು ಇಷ್ಟು: ಈ ತಪ್ಪುಗಳು ಬೇಕಾಬಿಟ್ಟಿ ತಪ್ಪುಗಳಲ್ಲ, ಪ್ರತಿ ತಪ್ಪಿಗೂ ಅದರದೇ ಒಂದು ತರ್ಕವಿದೆ. ಆ ತರ್ಕ ಹಿಡಿದರೆ ಕಲಿಸುವ ದಾರಿ ಕಾಣುತ್ತದೆ.

ಇದು ನಮ್ಮ ಕನ್ನಡ ತರಗತಿಗೂ ಹಾಗೆಯೇ ಹೊಂದುತ್ತದೆ. ಒಬ್ಬ ವಿದ್ಯಾರ್ಥಿನಿಯ ಉತ್ತರಪತ್ರಿಕೆಯಲ್ಲಿ 'ಹಬ್ಬ' ಎಂಬುದು 'ಅಬ್ಬ' ಆಗಿದೆ, 'ಆದರೆ' ಎಂಬುದು 'ಹಾದರೆ' ಆಗಿದೆ, 'ಆಸ್ಪತ್ರೆ' ಎಂಬುದು 'ಹಾಸ್ಪತ್ರೆ' ಆಗಿದೆ ಎಂದಿಟ್ಟುಕೊಳ್ಳಿ. ಕೆಂಪು ಶಾಯಿಯಲ್ಲಿ ಇಪ್ಪತ್ತು ಸುತ್ತು ಹಾಕಿ 'ಕಾಗುಣಿತ ಬಾರದು' ಎಂದು ಬರೆದು ಐದು ಅಂಕ ಕಳೆಯುವುದು ಸುಲಭ. ಗಮನವಿಟ್ಟು ಓದಿದರೆ ಬೇರೆ ಚಿತ್ರ ಕಾಣುತ್ತದೆ. ಆಕೆಯ ಮನೆಯ ಮಾತಿನಲ್ಲಿ ಹಕಾರ ಇಲ್ಲ. ಶಾಲೆಯ ಭಾಷೆಯಲ್ಲಿ ಅದು ಇದೆಯೆಂದು ಆಕೆಗೆ ಗೊತ್ತು, ಎಲ್ಲಿ ಎಂಬುದು ಮಾತ್ರ ಖಚಿತವಿಲ್ಲ. ಹಾಗಾಗಿ ಕೆಲವು ಕಡೆ ಬಿಟ್ಟಿದ್ದಾಳೆ, ಕೆಲವು ಕಡೆ ಎಚ್ಚರದಿಂದಲೇ ಸೇರಿಸಿದ್ದಾಳೆ. ಇಪ್ಪತ್ತು ತಪ್ಪಲ್ಲ, ಒಂದೇ ತಪ್ಪು. ಅದೂ ಅಜ್ಞಾನದ ತಪ್ಪಲ್ಲ, ಸರಿಯಾಗಿ ಬರೆಯಬೇಕೆಂಬ ಪ್ರಯತ್ನದಲ್ಲಿ ಆದದ್ದು. ಈ ಮಾತನ್ನು ಆಕೆಯೊಂದಿಗೆ ಹತ್ತು ನಿಮಿಷ ಕುಳಿತು ಆಡಿ, ಆಕೆ ಹೆಚ್ಚಾಗಿ ಬಳಸುವ ಮೂವತ್ತು ಪದಗಳ ಪಟ್ಟಿ ಮಾಡಿಕೊಟ್ಟರೆ ತಿದ್ದುವ ದಾರಿ ತೆರೆಯುತ್ತದೆ. ಮನೆಯ ಮಾತು ಕೀಳೆಂಬ ಭಾವನೆಯೂ ಆಕೆಗೆ ಬರುವುದಿಲ್ಲ. ಆದರೆ ಅದಕ್ಕೆ ಆಕೆಯ ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿರಬೇಕು.

ಷರಾ ಬರೆದ ಮಾತ್ರಕ್ಕೆ ಓದಿದ ಹಾಗಾಗುವುದಿಲ್ಲ. ಅಧ್ಯಾಪಕರು ವಿದ್ಯಾರ್ಥಿಗಳ ಹಾಳೆಯ ಅಂಚಿನಲ್ಲಿ ಬರೆಯುವ ಟಿಪ್ಪಣಿಗಳನ್ನು ಅಧ್ಯಯನ ಮಾಡಿದ ನ್ಯಾನ್ಸಿ ಸಾಮರ್ಸ್ 1982ರ ತಮ್ಮ ಲೇಖನದಲ್ಲಿ ಎರಡು ದೋಷಗಳನ್ನು ಗುರುತಿಸಿದರು. ಒಂದು, ಬಹುಪಾಲು ಟಿಪ್ಪಣಿಗಳು ಯಾವ ವಿದ್ಯಾರ್ಥಿಯ ಯಾವ ಪ್ರಬಂಧದ ಮೇಲೆ ಬರೆದರೂ ಹೊಂದುವಂಥವು. ಇನ್ನೊಂದು, ಒಂದೇ ಪ್ಯಾರಾದ ಪಕ್ಕದಲ್ಲಿ ಕಾಗುಣಿತ ತಿದ್ದು ಎಂದೂ ಇರುತ್ತದೆ, ಈ ವಿಚಾರವನ್ನೇ ಬೆಳೆಸು ಎಂದೂ ಇರುತ್ತದೆ. ಹೇಗೂ ಬದಲಾಗಬೇಕಾದ ವಾಕ್ಯದ ಕಾಗುಣಿತ ತಿದ್ದಿ ಏನು ಪ್ರಯೋಜನ? ಮೊದಲು ಯಾವುದನ್ನು ಮಾಡಬೇಕೆಂದು ತಿಳಿಯದೆ ವಿದ್ಯಾರ್ಥಿ ಸುಲಭವಾದ ಕಾಗುಣಿತ ತಿದ್ದಿ ಕೈತೊಳೆದುಕೊಳ್ಳುತ್ತಾನೆ.

ಒಂದು ವಾಕ್ಯವನ್ನೇ ನೋಡೋಣ. ಪದವಿ ತರಗತಿಯ ಹುಡುಗನೊಬ್ಬ ಹೀಗೆ ಬರೆದಿದ್ದಾನೆ ಎಂದುಕೊಳ್ಳಿ: 'ನಮ್ಮೂರ ಕೆರೆ ಹಿಂದೆ ತುಂಬಾ ಚೆನ್ನಾಗಿತ್ತು. ಈಗ ಹಾಳಾಗಿದೆ. ಇದಕ್ಕೆ ನಾವೆಲ್ಲರೂ ಕಾರಣ.' ಪಕ್ಕದಲ್ಲಿ 'ಸ್ಪಷ್ಟತೆ ಸಾಲದು' ಎಂದು ಬರೆದರೆ ಅವನು ಏನು ಮಾಡಬೇಕು? ಅದರ ಬದಲು 'ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವಾಗ? ಯಾರನ್ನು ಕೇಳಿದರೆ ಗೊತ್ತಾಗುತ್ತದೆ?' ಎಂದು ಕೇಳಿದರೆ ಅವನು ಮನೆಗೆ ಹೋಗಿ ಅಜ್ಜನನ್ನು ಕೇಳುತ್ತಾನೆ. ನೀರು ತರುವ ಕಾಲುವೆ ಎಲ್ಲಿ ಮುಚ್ಚಿಹೋಯಿತು, ಹೂಳು ತೆಗೆಯುವ ಕೆಲಸ ಯಾವ ವರ್ಷ ನಿಂತಿತು, ತೂಬಿನ ಕೆಳಗಿನ ಗದ್ದೆಯವರು ಯಾವಾಗ ಕೊಳವೆಬಾವಿಗೆ ಹೋದರು ಎಂಬುದು ಒಂದೊಂದಾಗಿ ಬರುತ್ತದೆ. 'ನಾವೆಲ್ಲರೂ ಕಾರಣ' ಎಂಬ ಮಾತು ತಾನಾಗಿಯೇ ಬಿದ್ದುಹೋಗಿ, ಯಾವ ತೀರ್ಮಾನ ಯಾರು ತೆಗೆದುಕೊಂಡರು ಎಂಬ ವಿಚಾರ ಆ ಜಾಗಕ್ಕೆ ಬರುತ್ತದೆ. ಒಂದು ಪ್ರಶ್ನೆ ಹುಡುಗನಿಗೆ ಭಾಷೆಯನ್ನಷ್ಟೇ ಅಲ್ಲ, ಯೋಚಿಸುವುದನ್ನೂ ಕಲಿಸಿತು. ಬರವಣಿಗೆಯ ಕೋರ್ಸು ಕಾಲೇಜಿಗೆ ಏಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಅಸ್ಪಷ್ಟವಾಗಿ ಬರೆಯುವ ಅಭ್ಯಾಸವೆಂದರೆ ಹೊಣೆಯನ್ನು ಎಲ್ಲರ ಮೇಲೂ ಹಾಕಿ ಯಾರ ಮೇಲೂ ಹಾಕದೆ ಇರುವ ಅಭ್ಯಾಸ. ಅದನ್ನು ಬಿಡಿಸುವುದು ಪ್ರಜಾಪ್ರಭುತ್ವದ ಕೆಲಸ.

ಇಷ್ಟೆಲ್ಲ ಓದಲು ಅಧ್ಯಾಪಕರಿಗೆ ಸಮಯವೆಲ್ಲಿ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಲೆಕ್ಕ ಹಾಕಿಯೇ ಬಿಡೋಣ. ಅಮೆರಿಕದ ಕಾಲೇಜು ಬರವಣಿಗೆ ಅಧ್ಯಾಪಕರ ಸಮ್ಮೇಳನ 1949ರಲ್ಲಿ ಹುಟ್ಟಿದ ಸಂಸ್ಥೆ. ಒಂದು ಬರವಣಿಗೆ ತರಗತಿಯಲ್ಲಿ 20ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದು, ಒಬ್ಬ ಅಧ್ಯಾಪಕರ ಪಾಲಿಗೆ ಒಂದು ಅವಧಿಯಲ್ಲಿ ಒಟ್ಟು 60ಕ್ಕಿಂತ ಹೆಚ್ಚು ಬರಬಾರದು ಎಂಬುದು ಅದರ ಶಿಫಾರಸು. ಒಬ್ಬೊಬ್ಬರು ನಾಲ್ಕು ಪ್ರಬಂಧ ಬರೆದು, ಪ್ರತಿಯೊಂದನ್ನೂ ಒಮ್ಮೆ ತಿದ್ದಿ ಬರೆದರೆ 60 ಮಂದಿಗೆ 480 ಬರಹಗಳಾಗುತ್ತವೆ. ಒಂದಕ್ಕೆ ಹದಿನೈದು ನಿಮಿಷವೆಂದರೂ 120 ಗಂಟೆ, ಹದಿನೈದು ವಾರಗಳ ಸೆಮಿಸ್ಟರಿನಲ್ಲಿ ವಾರಕ್ಕೆ 8 ಗಂಟೆ. ಕಷ್ಟವಾದರೂ ಸಾಧ್ಯ. ನಮ್ಮಲ್ಲಿ ಅರವತ್ತು ಮಂದಿಯ ಮೂರು ವಿಭಾಗಗಳು ಒಬ್ಬರ ಪಾಲಿಗೆ ಬಂದರೆ ಇದೇ ಲೆಕ್ಕ ವಾರಕ್ಕೆ 24 ಗಂಟೆಗೆ ಏರುತ್ತದೆ. ಯುಜಿಸಿಯ 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ನೇರ ಬೋಧನೆ ಮಾಡಬೇಕು, ಒಟ್ಟು ಕೆಲಸ 40 ಗಂಟೆಗೆ ಕಡಿಮೆಯಿರಬಾರದು. ಹದಿನಾರಕ್ಕೆ ಇಪ್ಪತ್ತನಾಲ್ಕು ಸೇರಿಸಿದರೆ ನಲವತ್ತು ಅಲ್ಲಿಗೇ ತುಂಬಿತು. ಪಾಠದ ತಯಾರಿ, ಪರೀಕ್ಷೆ, ಸಮಿತಿ ಸಭೆ, ಸ್ವಂತ ಓದು ಯಾವುದಕ್ಕೂ ಒಂದು ನಿಮಿಷ ಉಳಿಯಲಿಲ್ಲ.

ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವವರಲ್ಲಿ ಸಾವಿರಾರು ಮಂದಿ ಅತಿಥಿ ಉಪನ್ಯಾಸಕರು. ಅವರ ಕಾರ್ಯಭಾರವನ್ನು ಎಣಿಸುವುದು ತರಗತಿಯ ಗಂಟೆಗಳಲ್ಲಿ. ಮನೆಯಲ್ಲಿ ಕುಳಿತು ಓದುವ ಗಂಟೆಗಳಿಗೆ ಅಲ್ಲಿ ಲೆಕ್ಕವೇ ಇಲ್ಲ. ಅಮೆರಿಕದಲ್ಲೂ ಬರವಣಿಗೆಯ ಕೋರ್ಸನ್ನು ಹೆಚ್ಚಾಗಿ ಹೊರುವವರು ತಾತ್ಕಾಲಿಕ ಅಧ್ಯಾಪಕರೇ. ಎರಡೂ ಕಡೆ ಅತಿ ಹೆಚ್ಚು ಸಮಯ ಬೇಡುವ ಪಾಠವನ್ನು ಅತಿ ಕಡಿಮೆ ಸಮಯ ಇರುವವರ ಕೈಗೆ ಕೊಟ್ಟಿದ್ದೇವೆ. ಆಮೇಲೆ ವಿದ್ಯಾರ್ಥಿಗಳಿಗೆ ಬರೆಯಲು ಬರುವುದಿಲ್ಲ ಎಂದು ಕೊರಗುತ್ತೇವೆ.

ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ ಎಷ್ಟು ಬೆಲೆ ಕೊಡಬೇಕು? ಅವರನ್ನು ಕೇಳಲೇಬೇಕು. ನ್ಯಾಕ್ ಮಾನ್ಯತೆಯ ಪ್ರಕ್ರಿಯೆಯಲ್ಲಿ ಈಗ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯೂ ಸೇರಿದೆ. ಆದರೆ 'ತೃಪ್ತಿ'ಯೇ ಬರವಣಿಗೆ ತರಗತಿಯ ಅಳತೆಗೋಲಾದರೆ, ಮತ್ತೆ ಬರೆಯಿರಿ ಎನ್ನುವ ಅಧ್ಯಾಪಕರು ಸೋಲುತ್ತಾರೆ, ಎಲ್ಲರಿಗೂ 'ಉತ್ತಮ' ಎಂದು ಬರೆಯುವವರು ಗೆಲ್ಲುತ್ತಾರೆ. ಇನ್ನೊಂದು ಅಪಾಯವೂ ಇದೆ. 2014ರ ಕೊನೆಯಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆನ್‌ಲೈನ್ ಕೋರ್ಸಿನ ಇಬ್ಬರು ಬೋಧಕರು, ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ, ಒಂದು ಗುಂಪಿಗೆ ತಮ್ಮ ಹೆಸರಿನಲ್ಲೂ ಇನ್ನೊಂದಕ್ಕೆ ಪರಸ್ಪರರ ಹೆಸರಿನಲ್ಲೂ ಕಲಿಸಿದರು. ಬರಹಗಳನ್ನು ಹಿಂದಿರುಗಿಸಿದ್ದು ಒಂದೇ ವೇಗದಲ್ಲಿ. ಆದರೂ ಆ ವೇಗಕ್ಕೆ ಐದಕ್ಕೆ ಗಂಡಿನ ಹೆಸರಿಗೆ 4.35, ಹೆಣ್ಣಿನ ಹೆಸರಿಗೆ 3.55 ಸಿಕ್ಕಿತು. 43 ವಿದ್ಯಾರ್ಥಿಗಳ ಸಣ್ಣ ಅಧ್ಯಯನ ಅದು, ಎಲ್ಲಕ್ಕೂ ಅನ್ವಯಿಸಲಾಗದು. ಆದರೂ ದಿನಾಂಕ ನೋಡಿ ಹೇಳಬಹುದಾದ ವಿಷಯದಲ್ಲೂ ಪೂರ್ವಗ್ರಹ ನುಸುಳಬಲ್ಲದು ಎಂಬ ಎಚ್ಚರಿಕೆಗೆ ಅಷ್ಟು ಸಾಕು.

ಆದ್ದರಿಂದ ವಿದ್ಯಾರ್ಥಿಗಳಿಗೆ ಕೇಳುವ ಪ್ರಶ್ನೆ ಬದಲಾಗಬೇಕು. 'ಅಧ್ಯಾಪಕರು ಹೇಗಿದ್ದರು' ಎಂಬುದನ್ನು ಬಿಟ್ಟು, ಎಷ್ಟು ಬರಹ ಕೊಟ್ಟಿರಿ, ಅವುಗಳಲ್ಲಿ ಎಷ್ಟು ಮುಂದಿನದನ್ನು ಕೊಡುವ ಮೊದಲೇ ಹಿಂದಿರುಗಿದವು, ಯಾವ ಟಿಪ್ಪಣಿಯಿಂದ ನೀವು ಏನನ್ನು ಬದಲಿಸಿದಿರಿ, ಆ ವಾಕ್ಯ ಮೊದಲು ಹೇಗಿತ್ತು ಈಗ ಹೇಗಿದೆ ಎಂದು ಕೇಳಬೇಕು. ಮೊದಲೆರಡನ್ನು ದಾಖಲೆಯೊಂದಿಗೆ ಹೋಲಿಸಿ ನೋಡಬಹುದು. ಕೊನೆಯವು ವಿದ್ಯಾರ್ಥಿಯನ್ನೇ ತನ್ನ ಕಲಿಕೆಯ ಸಾಕ್ಷಿಯಾಗಿ ನಿಲ್ಲಿಸುತ್ತವೆ. ಇನ್ನೊಂದು ಸಲ ಎರಡು ವರ್ಷ ಕಳೆದ ಮೇಲೆ ಕೇಳಬೇಕು. ಅನೇಕ ಸಲ ಬರೆಸಿದವರ ಮೇಲಿನ ಸಿಟ್ಟು ಇಳಿದು, ಆ ಬರಹದ ಫಲ ಕೈಗೆ ಬರುವುದು ಆ ಹೊತ್ತಿಗೆ.

ಹೀಗೆ ಓದುವ ಪರಂಪರೆ ನಮ್ಮಲ್ಲಿ ಇಲ್ಲದೆ ಇಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಮೂಲಕ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಆರಂಭಿಸಿದಾಗ ಕನ್ನಡದ ಬರವಣಿಗೆಗೆ ಕಾಲೇಜಿನೊಳಗೇ ಒಂದು ನೆಲೆ ಸಿಕ್ಕಿತು. 1924ರಲ್ಲಿ ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಬಂದ ಮೈಸೂರಿನ ತರುಣ ಪುಟ್ಟಪ್ಪನಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದ್ದು ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಹೊಗಳಿಕೆ ಬಯಸಿ ಹೋದ ಹುಡುಗನಿಗೆ ಅದು ರುಚಿಸಲಿಲ್ಲ. ಒಳ್ಳೆಯ ಓದುಗನ ಮಾತು ಹಲವು ಬಾರಿ ಹಾಗೆಯೇ ಇರುತ್ತದೆ. ಕ್ರೈಸ್ಟ್ ಕಾಲೇಜಿನಲ್ಲಿ ಕನ್ನಡ ಸಂಘ ಕಟ್ಟಿದ ಚಿ. ಶ್ರೀನಿವಾಸರಾಜು ಬೇಂದ್ರೆಯವರ ಹೆಸರಿನಲ್ಲಿ ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆ ನಡೆಸಿ, ಆಯ್ದ ಕವನಗಳನ್ನು ಪುಸ್ತಕ ಮಾಡಿ ತಂದರು. ಇಂದಿನ ಎಷ್ಟೋ ಬರಹಗಾರರ ಮೊದಲ ಪದ್ಯಕ್ಕೆ ಅಲ್ಲಿ ಓದುಗರು ಸಿಕ್ಕರು.

ಆದರೆ ಈ ಕೆಲಸವೆಲ್ಲ ನಡೆದದ್ದು ವೇಳಾಪಟ್ಟಿಯ ಹೊರಗೆ, ಅಧ್ಯಾಪಕರ ಸ್ವಂತ ಪ್ರೀತಿಯ ಬಲದಿಂದ. ತಾನಾಗಿ ಬಂದು ಬಾಗಿಲು ತಟ್ಟಿದವರಿಗೆ ಅದು ಸಿಕ್ಕಿತು. ಹಾಗೆ ತಟ್ಟಲು ಧೈರ್ಯವಿಲ್ಲದವರು, ಸಂಜೆ ಬಸ್ಸು ಹಿಡಿದು ಊರಿಗೆ ಹೋಗಬೇಕಾದವರು, ತಾನು ಬರೆಯಬಲ್ಲೆ ಎಂದೇ ಗೊತ್ತಿಲ್ಲದವರು ಹೊರಗೇ ಉಳಿದರು. ಅವರ ಪಾಲಿಗೆ ಬಂದದ್ದು ಗೈಡು, ಬಾಯಿಪಾಠದ ಪ್ರಬಂಧ, ಕೊನೆಯ ದಿನ ನಕಲು ಮಾಡಿ ಕೊಟ್ಟ ಅಸೈನ್‌ಮೆಂಟು ಮತ್ತು ಮೌಲ್ಯಮಾಪನಕ್ಕೆ ಹೋಗಿ ಹಿಂದಿರುಗದ ಉತ್ತರಪತ್ರಿಕೆ. ಸಂಘ ಕೆಲವರಿಗೆ ಕೊಟ್ಟದ್ದನ್ನು ಎಲ್ಲರಿಗೂ ಕೊಡುವುದು ಕೋರ್ಸಿನ ಕೆಲಸ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ವಾದಕ್ಕೆ ಹೊಸ ಆಕ್ಷೇಪ ಹುಟ್ಟಿದೆ. ಬರೆಯುವುದನ್ನೂ ತಿದ್ದುವುದನ್ನೂ ಯಂತ್ರ ಮಾಡುವಾಗ ಅಧ್ಯಾಪಕರು ಏಕೆ ಓದಬೇಕು? ಯಂತ್ರ ಕಾಗುಣಿತ ತಿದ್ದಬಲ್ಲದು, ಒಳ್ಳೆಯ ಪ್ರಶ್ನೆಯನ್ನೂ ಕೇಳಬಲ್ಲದು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅಂತಿಮ ಪ್ರತಿಯನ್ನು ಮಾತ್ರ ನೋಡಿ ಅಂಕ ಕೊಡುವ ಕಾಲೇಜಿನಲ್ಲಿ ವಿದ್ಯಾರ್ಥಿ ಯಂತ್ರದ ಕೈಗೆ ಬರವಣಿಗೆ ಒಪ್ಪಿಸುವುದು ಸಹಜ. ಯಾರೂ ಓದದ ಬರಹವನ್ನು ತಾನೇ ಏಕೆ ಬರೆಯಬೇಕು ಎಂದು ಅವನಿಗೆ ಅನಿಸಿದರೆ ತಪ್ಪು ಅವನೊಬ್ಬನದಲ್ಲ. ಕಳೆದ ವಾರದ ಕರಡನ್ನು ನೆನಪಿಟ್ಟುಕೊಂಡು, ಈ ವಾರ ಏನು ಬದಲಾಯಿತು, ಏಕೆ ಬದಲಿಸಿದೆ ಎಂದು ಎದುರು ಕೂರಿಸಿ ಕೇಳುವ ಒಬ್ಬರಿದ್ದರೆ ಅವನು ಉತ್ತರ ಸಿದ್ಧಮಾಡಿಕೊಂಡೇ ಬರಬೇಕಾಗುತ್ತದೆ. ಹಾಗೆ ಉತ್ತರ ಹುಡುಕುವುದರಲ್ಲೇ ಕಲಿಕೆಯಿದೆ.

ಹಣವೆಲ್ಲಿ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಪ್ರತಿ ತರಗತಿಯನ್ನೂ ನಾಳೆಯೇ ಇಪ್ಪತ್ತು ಮಂದಿಗೆ ಇಳಿಸಲು ಯಾವ ಸರ್ಕಾರಕ್ಕೂ ಆಗದು. ಆದರೆ ಇಂದೇ ಮಾಡಬಹುದಾದದ್ದೂ ಇದೆ. ಹತ್ತು ಪುಟದ ಅಸೈನ್‌ಮೆಂಟು ಬಿಟ್ಟು ಮುನ್ನೂರು ಪದಗಳ ಎರಡು ಬರಹ ಕೇಳಿ, ಎರಡನ್ನೂ ಎರಡು ಬಾರಿ ಬರೆಸಬಹುದು. ಪೀಟರ್ ಎಲ್ಬೋ 1973ರಲ್ಲೇ ವಾದಿಸಿದಂತೆ ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ಕುಳಿತು ಒಬ್ಬರ ಬರಹವನ್ನು ಇನ್ನೊಬ್ಬರು ಓದಿ, ತಮಗೆ ಎಲ್ಲಿ ಅರ್ಥವಾಯಿತು, ಎಲ್ಲಿ ಬಿಟ್ಟುಹೋಯಿತು ಎಂದು ಹೇಳಬಹುದು. ಇಡೀ ಪ್ರಬಂಧಕ್ಕೆ ಷರಾ ಬರೆಯುವ ಬದಲು ಒಂದು ಪ್ಯಾರಾವನ್ನು ಆರಿಸಿಕೊಂಡು ಅದನ್ನು ಪೂರ್ತಿ ಓದಬಹುದು. ಇವುಗಳಿಗೆ ಹೊಸ ಹುದ್ದೆ ಬೇಡ, ಪರೀಕ್ಷಾ ಮಂಡಳಿಯ ಒಂದು ತೀರ್ಮಾನ ಸಾಕು.

ಹುದ್ದೆ ಬೇಕಾದ ಕಡೆ ಅದನ್ನು ಕೇಳಲೇಬೇಕು. ವಿದ್ಯಾರ್ಥಿಗಳ ಬರಹ ಓದುವ ಗಂಟೆಗಳನ್ನು ಬೋಧನೆಯ ಗಂಟೆಗಳೆಂದೇ ಎಣಿಸಬೇಕು, ಕಾಯಂ ಅಧ್ಯಾಪಕರ ಕಾರ್ಯಭಾರದಲ್ಲೂ ಅತಿಥಿ ಉಪನ್ಯಾಸಕರ ಗೌರವಧನದಲ್ಲೂ ಅದಕ್ಕೆ ಪಾಲಿರಬೇಕು. ಹಾಗೆ ಮಾಡಿದ ದಿನ ವಿದ್ಯಾರ್ಥಿಗಳ ದೂರುಗಳು ನಿಲ್ಲುತ್ತವೆ ಎಂದು ನಾನು ಹೇಳುವುದಿಲ್ಲ. ಓದಿ ತಿದ್ದುವವರ ಮೇಲೆ ದೂರು ಇದ್ದೇ ಇರುತ್ತದೆ. ಆದರೆ ಆ ದೂರು 'ನನ್ನ ಈ ಮಾತನ್ನು ಅವರು ಒಪ್ಪಲಿಲ್ಲ' ಎಂಬ ದೂರಾಗಿರುತ್ತದೆ. ಒಪ್ಪದವರೊಂದಿಗೆ ವಾದಿಸಲು ವಿದ್ಯಾರ್ಥಿ ಮತ್ತೆ ಬರೆಯಬೇಕಾಗುತ್ತದೆ. ಕಾಲೇಜು ಅವನಿಗೆ ಕಲಿಸಬೇಕಾದದ್ದು ಅದನ್ನೇ.